ಬಣ್ಣದ ವೇಷದ ಕೆಂಪು ಉಳಿಸಿದ ಡಿಎನ್‌ಜಿ: ಫೋನಿನಲ್ಲಿ ರಾ ತೆಗೆದ ನನ್ನ ಅನುಭವ

ಫೋನಿನಲ್ಲಿ ತೆಗೆದ ಯಕ್ಷಗಾನದ ಬಣ್ಣದ ವೇಷದ (ರಾಕ್ಷಸ ಪಾತ್ರದ) ಫೋಟೊ ಒಂದು 12×16 ಇಂಚಿಗೆ ಪ್ರಿಂಟ್ ಆಗಿ, ಆ ವೇಷ ಮಾಡಿದ ಕಲಾವಿದರ ಮನೆಯ ಗೋಡೆ ಏರಿದೆ. ಚುಟ್ಟಿಯ (ಮುಖದ ಮೇಲೆ ಇಡುವ ಬಿಳಿ ಅಲಂಕಾರದ) ಮುಳ್ಳುಗಳು ಒಂದೊಂದೂ ಬಿಡಿಬಿಡಿಯಾಗಿ ಕಾಣುತ್ತವೆ. ಕೆಂಪು ಕೆಂಪಾಗಿಯೇ ಇದೆ. ಫೋನಿನಲ್ಲಿ ರಾ (ಸೆನ್ಸರ್ ಕಂಡದ್ದನ್ನು ಫೋನು ತಿದ್ದದೆ ಉಳಿಸುವ ಫೈಲು) ತೆಗೆಯುತ್ತೇನೆ ಅಂದಾಗ ಯಕ್ಷಗಾನ ಆಟದ ಫೋಟೊ ತೆಗೆಯುವ ನನ್ನ ಗೆಳೆಯರಲ್ಲಿ ಒಬ್ಬರೂ ಒಪ್ಪಿರಲಿಲ್ಲ. "ಅಷ್ಟು ಸಣ್ಣ ಸೆನ್ಸರ್‌ನಲ್ಲಿ ರಾ ತೆಗೆದು ಏನು ಸಿಗುತ್ತೆ ಮಾರಾಯ್ರೆ, ಬರೀ ನಾಯ್ಸ್ (ಕಾಳುಕಾಳು ಚುಕ್ಕೆ), ಜಾಗ ದಂಡ" ಅಂದಿದ್ದರು. ಈಗ ಅವರೇ ಸೆಟ್ಟಿಂಗ್ ಕೇಳುತ್ತಿದ್ದಾರೆ. ಪ್ರತಿಯೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಇಲ್ಲಿ ಬರೆದಿಡುತ್ತೇನೆ.

ಜೆಪೆಗ್ ಎಲ್ಲಿ ಕೈಕೊಡುತ್ತದೆ ಅಂತ ನೋಡಬೇಕಾದರೆ ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ಬಣ್ಣದ ವೇಷಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಮುಳ್ಳು ಮುಳ್ಳಾಗಿ ಇಟ್ಟಿರುತ್ತಾರೆ. ಅದರ ಪಕ್ಕದಲ್ಲೇ ಕೆಂಪು, ಕಪ್ಪು. ಗಂಟೆಗಟ್ಟಲೆ ಚೌಕಿಯಲ್ಲಿ (ಬಣ್ಣ ಹಚ್ಚುವ ಜಾಗದಲ್ಲಿ) ಕೂತು ಮಾಡಿದ ಕೆಲಸ ಅದು. ಫೋನು ಏನು ಮಾಡುತ್ತದೆ ಗೊತ್ತಲ್ವಾ? ನಾಯ್ಸ್ ತೆಗೆಯುವ ಹೆಸರಿನಲ್ಲಿ ಆ ಮುಳ್ಳುಗಳನ್ನೆಲ್ಲ ಸವರಿ ಬಿಳಿ ಪಟ್ಟಿ ಮಾಡಿಬಿಡುತ್ತದೆ. ಮೇಲಿಂದ ಶಾರ್ಪನ್ ಮಾಡಿ ಅಂಚಿಗೆ ಗೆರೆ ಎಳೆಯುತ್ತದೆ. ಜೆಪೆಗ್ ಆಗುವಾಗ ಬಣ್ಣದ ವಿವರ ಉದ್ದಕ್ಕೂ ಅಗಲಕ್ಕೂ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ಕಪ್ಪಿನ ಮೇಲಿನ ಕೆಂಪು ಗೆರೆ ಕದಡಿದ ಹಾಗೆ ಕಾಣುತ್ತದೆ. ವೈಟ್ ಬ್ಯಾಲೆನ್ಸ್ (ಬೆಳಕಿಗೆ ತಕ್ಕ ಬಣ್ಣದ ಹೊಂದಾಣಿಕೆ) ಕೂಡ ಅದರಲ್ಲೇ ಅಂಟಿಕೊಂಡಿರುತ್ತದೆ. ಕೆಂಪು, ಹಸಿರು, ನೀಲಿ ಚಾನೆಲ್ ಒಂದೊಂದಕ್ಕೂ ಇರುವುದು 256 ಮೆಟ್ಟಿಲು. ಕೆಂಪು ಎಲ್‌ಇಡಿ ಬಿದ್ದಾಗ ಕೆಂಪು ಚಾನೆಲ್ ಮೇಲಿನ ಮೆಟ್ಟಿಲಿಗೆ ಹೋಗಿ ಕೂತರೆ ಆಮೇಲೆ ಎಷ್ಟು ಎಳೆದರೂ ಕೆಳಗೆ ಬರುವುದಿಲ್ಲ. ಜೆಪೆಗ್ ಬದಲಿಗೆ ಕೆಲವು ಫೋನು ಕೊಡುವ ಹೈಕ್ (HEIC) ಫೈಲ್ ಜಾಗ ಉಳಿಸುತ್ತದೆ, ಸರಿ. ಆದರೆ ಸವರುವ ಕೆಲಸ ಅದಕ್ಕೂ ಮೊದಲೇ ಆಗಿಹೋಗಿರುತ್ತದೆ.

ಮೊದಲ ದುಡ್ಡು ಹೋದದ್ದು ಫೋನಿನ ಮೇಲೆ. ಆಂಡ್ರಾಯ್ಡ್‌ನಲ್ಲಿ 5.0 ಆವೃತ್ತಿ ಬಂದ 2014ರಿಂದಲೇ ಡಿಎನ್‌ಜಿಗೆ (ರಾ ಇಡುವ ಒಂದು ಬಗೆಯ ಫೈಲಿಗೆ) ದಾರಿ ಇದೆ. ಆದರೆ ಫೋನ್ ಮಾಡಿದವರು ಆ ಬಾಗಿಲು ತೆರೆದಿಟ್ಟಿರಬೇಕು. ನಾನು ಸೆಕೆಂಡ್‌ಹ್ಯಾಂಡ್‌ನಲ್ಲಿ ಸುಮಾರು 18 ಸಾವಿರ ಕೊಟ್ಟು ತಂದ ಫೋನಿನಲ್ಲಿ ಮುಖ್ಯ ಲೆನ್ಸಿಗೆ ರಾ ಇತ್ತು, ದೂರದ್ದನ್ನು ಹತ್ತಿರ ತೋರಿಸುವ ಟೆಲಿ ಲೆನ್ಸಿಗೆ ಇರಲಿಲ್ಲ. ರಂಗಸ್ಥಳದ ಎದುರು ಕೂತವನಿಗೆ ಟೆಲಿ ಇಲ್ಲದಿದ್ದರೆ ಅರ್ಧ ಕೆಲಸ ಹೋಯಿತು. ಮೂರ್ನಾಲ್ಕು ಸಾವಿರ ನಷ್ಟಕ್ಕೆ ಮಾರಿ ಬೇರೆ ತಂದೆ. ಅದಕ್ಕೆ 26 ಸಾವಿರದ ಆಸುಪಾಸು ಆಯಿತು. ಕೊಳ್ಳುವ ಮೊದಲು ಓಪನ್ ಕ್ಯಾಮೆರಾ ಅನ್ನುವ ಆ್ಯಪ್ ಹಾಕಿ, ಪ್ರತಿ ಲೆನ್ಸಿನಲ್ಲೂ ಒಂದೊಂದು ಡಿಎನ್‌ಜಿ ತೆಗೆದು ನೋಡಿ. ಇನ್ನೊಂದು ಮಾತು. ಬೆಳಕು ಕಡಿಮೆ ಇದ್ದಾಗ ಎಷ್ಟೋ ಫೋನುಗಳ ಸ್ವಂತ ಕ್ಯಾಮೆರಾ ಆ್ಯಪ್ ಟೆಲಿ ಅಂತ ತೋರಿಸಿ ಮುಖ್ಯ ಲೆನ್ಸನ್ನೇ ಕತ್ತರಿಸಿ ಕೊಡುತ್ತದೆ. ಟೆಲಿ ಲೆನ್ಸನ್ನು ಕೈಯಿಂದ ಮುಚ್ಚಿ ನೋಡಿ. ಚಿತ್ರ ಹಾಗೇ ಇದ್ದರೆ ಅದು ಟೆಲಿ ಅಲ್ಲ.

ಮೊದಲ ಸೀಸನ್ನು ಪೂರ್ತಿ ಪಟ್ಟೆಯಲ್ಲೇ ಹೋಯಿತು. ಎಲ್‌ಇಡಿ ಲೈಟಿನ ಕೆಳಗೆ ಪ್ರತಿ ಫೋಟೊದಲ್ಲೂ ಅಡ್ಡಡ್ಡ ಕಪ್ಪು ಪಟ್ಟೆ. ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರ್ (ಬೆಳಕು ಒಳಗೆ ಬಿಡುವ ಹೊತ್ತು) 1/100 ಅಥವಾ 1/50 ಸೆಕೆಂಡಿಗೆ ಕಟ್ಟಿಹಾಕಿದರೆ ಪಟ್ಟೆ ಹೋಗುತ್ತದೆ. ಡಿಮ್ ಮಾಡಿದ ಬಣ್ಣದ ಪಾರ್ ಲೈಟ್ (ವೇದಿಕೆಯ ದೀಪ) ಇದ್ದರೆ ಇದೂ ಪೂರ್ತಿ ಸಾಲದು. ಆ ಮೂಲೆಯನ್ನು ಬಿಟ್ಟು ಕೂರಬೇಕು, ಅಷ್ಟೆ. 1/100ರಲ್ಲಿ ಧೀಂಗಿಣ (ಸುತ್ತುತ್ತಾ ಹಾರುವ ಕುಣಿತ) ಹಾರುವುದನ್ನು ಹಿಡಿಯಲು ಆಗುವುದಿಲ್ಲ. ಅದಕ್ಕೆ ನಾನು ಚೆಂಡೆ ಕೇಳುತ್ತಾ ಕೂರುತ್ತೇನೆ. ಬಿಡ್ತಿಗೆ (ಚೆಂಡೆಯ ಒಂದು ಬಡಿತದ ವರಸೆ) ಮುಗಿಯುವಲ್ಲಿ ವೇಷ ಒಂದು ಕ್ಷಣ ನಿಲ್ಲುತ್ತದೆ. ಆಗ ಒತ್ತಬೇಕು. ಡಿಎನ್‌ಜಿ ಬರೆಯಲು ನನ್ನ ಫೋನಿಗೆ ಒಂದು ಸೆಕೆಂಡಿಗಿಂತ ಜಾಸ್ತಿ ಬೇಕು. ಸುಮ್ನೆ ಟಪಟಪ ಒತ್ತುತ್ತಾ ಹೋದರೆ ಬೇಕಾದ ಕ್ಷಣಕ್ಕೆ ಫೋನು ಬರೆಯುತ್ತಾ ಕೂತಿರುತ್ತದೆ.

ಐಎಸ್‌ಒ (ಬೆಳಕಿಗೆ ಸೆನ್ಸರ್‌ನ ಸೂಕ್ಷ್ಮತೆ) 400ರಿಂದ 800. ಎಕ್ಸ್‌ಪೋಶರ್ ಒಂದು ಸ್ಟಾಪ್ ಕಡಿಮೆ, ಅಂದರೆ ಅರ್ಧ ಬೆಳಕು. ಬಣ್ಣದ ವೇಷ ಬೆಂಕಿಗೆ ರಾಳದ ಪುಡಿ ಎರಚುತ್ತಾ ಬರುವಾಗ ಎರಡು ಸ್ಟಾಪ್. ಪರದೆ ಮೇಲೆ ಚಿತ್ರ ಕಪ್ಪು ಕಾಣುತ್ತದೆ, ಹೆದರಬೇಡಿ. ಅಲ್ಲಿ ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಮ್ ಜೆಪೆಗ್‌ಗೆ ಅಂತ ಹಾಕಿದ್ದು. 10 ಬಿಟ್ ಸೆನ್ಸರ್‌ನ ರಾದಲ್ಲಿ 256ರ ಬದಲು 1024 ಮೆಟ್ಟಿಲು ಇರುತ್ತದೆ. ನೆರಳಿನಿಂದ ಎತ್ತಿದ ನಾಯ್ಸ್ ಪ್ರಿಂಟಿನಲ್ಲಿ ಸಣ್ಣ ಮರಳಿನ ಹಾಗೆ ಕಾಣುತ್ತದೆ, ಅದು ನನಗೆ ಇಷ್ಟವೇ. ಹಾರಿಹೋದ ಕೆಂಪು ಮಾತ್ರ ಯಾವ ಪ್ರಿಂಟಿನಲ್ಲೂ ಸರಿಯಾಗುವುದಿಲ್ಲ.

ರಾ ಫೈಲನ್ನು ಡೆವಲಪ್ ಮಾಡುವುದು (ನೋಡುವ ಫೋಟೊ ಆಗಿಸುವುದು) ಡಾರ್ಕ್‌ಟೇಬಲ್ ಮತ್ತು ರಾಥೆರಪಿಯಲ್ಲಿ. ಎರಡೂ ಕಂಪ್ಯೂಟರಿನ ಉಚಿತ ಸಾಫ್ಟ್‌ವೇರ್. ಶುರುವಿನಲ್ಲಿ ಒಂದು ಆ್ಯಪ್‌ನಲ್ಲಿ ತೆರೆದಾಗ ನಾಲ್ಕೂ ಮೂಲೆ ನೇರಳೆ ಬಣ್ಣಕ್ಕೆ ತಿರುಗಿತ್ತು. ಸೆನ್ಸರ್ ಹಾಳಾಗಿದೆ ಅಂತ ಅಂಗಡಿಯವರು ಹೇಳಿ ರಿಪೇರಿಗೆ 4 ಸಾವಿರ ಕೇಳಿದರು. ಕೊಡಲಿಲ್ಲ. ಲೆನ್ಸಿನ ಮೂಲೆ ಕತ್ತಲನ್ನು ಸರಿಮಾಡುವ ಲೆಕ್ಕ ಡಿಎನ್‌ಜಿಯ ಒಳಗೇ ಇರುತ್ತದೆ. ಕೆಲವು ಆ್ಯಪ್ ಅದನ್ನು ಓದುವುದಿಲ್ಲ, ಬೇರೆ ತೊಂದರೆ ಏನೂ ಇರಲಿಲ್ಲ. ಕೆಂಪಿನ ಕರ್ವನ್ನು (ಹೊಳಪು ಏರಿಳಿಸುವ ಗೆರೆಯನ್ನು) ಎಲ್ಲಿ ಬಗ್ಗಿಸುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಅದಕ್ಕೆ ಒಂದು ಇಡೀ ಮಳೆಗಾಲ ಹೋಗಿದೆ. ಚೌಕಿಯಲ್ಲಿ ಕಲಾವಿದರ ಬಣ್ಣದ ತಟ್ಟೆಯನ್ನೇ ಹತ್ತಿರದಿಂದ ತೆಗೆದಿಟ್ಟುಕೊಳ್ಳುತ್ತೇನೆ, ಇಷ್ಟು ಸುಳಿವು ಸಾಕು.

ಜಾಗದ ಲೆಕ್ಕಕ್ಕೆ ಬರೋಣ. 12 ಮೆಗಾಪಿಕ್ಸೆಲ್‌ನ ಡಿಎನ್‌ಜಿ ಸುಮಾರು 24 ಎಂಬಿ. ಜೆಪೆಗ್ ಆದರೆ ನಾಲ್ಕೈದು. ಇಡೀ ರಾತ್ರಿಯ ಆಟಕ್ಕೆ ಹತ್ತು ಜಿಬಿ ಸಲೀಸಾಗಿ ಹೋಗುತ್ತದೆ. ಆದರೆ ಒಂದು ವಿಷಯ ಗಮನಿಸಿ. ಆಂಡ್ರಾಯ್ಡ್ ಆ್ಯಪ್‌ಗಳು ಹೆಚ್ಚಾಗಿ ಬರೆಯುವುದು ಕುಗ್ಗಿಸದೇ ಇರುವ ಫೈಲು. 10 ಬಿಟ್ ಮಾಹಿತಿಗೆ 16 ಬಿಟ್ ಜಾಗ ಕೊಟ್ಟಿರುತ್ತದೆ. ಅಡೋಬಿಯ ಉಚಿತ ಡಿಎನ್‌ಜಿ ಕನ್ವರ್ಟರ್‌ಗೆ ಹಾಕಿದರೆ ಏನೂ ಕಳೆದುಕೊಳ್ಳದೆ ನನ್ನವು ಹೆಚ್ಚು ಕಡಿಮೆ ಅರ್ಧಕ್ಕೆ ಬಂದವು. ಒಂದು ಟಿಬಿ ಎಸ್‌ಎಸ್‌ಡಿಗೆ ಆರೇಳು ಸಾವಿರ ಕೊಟ್ಟಿದ್ದೆ. ಇನ್ನೊಂದು ಕೊಳ್ಳುವುದು ತಪ್ಪಿತು.

"ಹಾಗಾದರೆ ಫೋನೇ ಹಲವು ಫ್ರೇಮ್ ಸೇರಿಸಿ ಕೊಡುವ ರಾ ಇದೆಯಲ್ಲ" ಅಂತ ಕೇಳುತ್ತಾರೆ. ಆ್ಯಪಲ್ 2020ರ ಕೊನೆಗೆ ಐಫೋನ್ 12 ಪ್ರೊಗೆ ಪ್ರೊರಾ ಕೊಟ್ಟಿತು, ಸ್ಯಾಮ್‌ಸಂಗ್‌ನಲ್ಲಿ ಎಕ್ಸ್‌ಪರ್ಟ್ ರಾ ಇದೆ. ನೆಂಟರ ಐಫೋನಿನಲ್ಲಿ ತೆಗೆದು ನೋಡಿದೆ. ಚೌಕಿಯಲ್ಲಿ ಕೂತ ವೇಷಕ್ಕೆ ಬಹಳ ಚೆನ್ನಾಗಿ ಬಂತು. ಆದರೆ ರಂಗಸ್ಥಳದಲ್ಲಿ ಕುಣಿಯುವ ವೇಷದ ಕೈಗೆ ಎರಡೆರಡು ಅಂಚು ಬಂತು. ಕುಣಿತಕ್ಕೆ ನನಗೆ ಒಂದೇ ಫ್ರೇಮಿನ ರಾ ಬೇಕು.

ಅದೇ ಹುರುಪಿನಲ್ಲಿ ಚೌಕಿಯಲ್ಲಿ ಇನ್ನೊಂದು ಮಾಡಿದೆ. ಬಣ್ಣ ಹಚ್ಚುತ್ತಾ ಕೂತ ಕಲಾವಿದರು ಕನ್ನಡಿ ನೋಡುತ್ತಾ ಅಲ್ಲಾಡದೆ ಇರುತ್ತಾರೆ. ಸಣ್ಣ ಟ್ರೈಪಾಡ್ ಇಟ್ಟು ಒಂಬತ್ತು ಡಿಎನ್‌ಜಿ ತೆಗೆದು, ಚಿತ್ರ ಜೋಡಿಸುವ ಹ್ಯೂಗಿನ್ ಸಾಫ್ಟ್‌ವೇರ್ ಜೊತೆ ಬರುವ ಅಲೈನ್ ಟೂಲಿನಲ್ಲಿ ಕೂಡಿಸಿ, ಸರಾಸರಿ ತೆಗೆದೆ. ಒಂಬತ್ತು ಫ್ರೇಮಿಗೆ ನಾಯ್ಸ್ ಮೂರನೇ ಒಂದಕ್ಕೆ ಇಳಿಯಬೇಕು, ಕಣ್ಣಿಗೂ ಹಾಗೇ ಕಂಡಿತು. ಬೆರಳಿನ ತುದಿಯ ಬಣ್ಣದ ಬಿರುಕು ಸಮೇತ ಕಾಣುತ್ತದೆ. ಇನ್ನೊಂದು ಬದಿಗೆ, ಹಗಲು ಬೆಳಕಿನಲ್ಲಿ ಮಲ್ಲಿಗೆ ಚೆಂಡನ್ನು ರಾ, ಜೆಪೆಗ್ ಎರಡರಲ್ಲೂ ತೆಗೆದು ಪ್ರಿಂಟ್ ಹಾಕಿಸಿದೆ. ಪಕ್ಕ ಪಕ್ಕ ಇಟ್ಟರೆ ಲ್ಯಾಬಿನವರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ. ಹಗಲಿಗೆ ನಾನು ಜೆಪೆಗ್ಗೇ ತೆಗೆಯುವುದು.

ಪ್ರಿಂಟಿಗೆ ಲ್ಯಾಬಿನಲ್ಲಿ ಇನ್ನೂರರ ಒಳಗೆ ಆಗುತ್ತದೆ. ಕಟ್ಟು ಹಾಕಿಸಿ ಎಂಟುನೂರು, ಸಾವಿರಕ್ಕೆ ಕೊಡುತ್ತೇನೆ. ಕಳೆದ ಸೀಸನ್ನಿನಲ್ಲಿ ಫೋನಿನ ದುಡ್ಡು ಪೂರ್ತಿ ವಾಪಸ್ ಬಂತು, ಎಸ್‌ಎಸ್‌ಡಿಯದ್ದೂ ಸೇರಿ. ಕಲಾವಿದರಿಗೆ ಜೆಪೆಗ್ ಕಳಿಸುವಾಗ ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಮಾಡಿ ಕಳಿಸಿ. ಫೋಟೊ ಅಂತ ಕಳಿಸಿದರೆ ಅದು ಮತ್ತೊಮ್ಮೆ ಕುಗ್ಗಿಸಿ, ನೀವು ಉಳಿಸಿದ ಮುಳ್ಳುಗಳನ್ನು ಸವರಿಬಿಡುತ್ತದೆ.

ಆಟದ ಸೀಸನ್ ಮುಗಿಯುವ ಪತ್ತನಾಜೆ ದಿನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ನನ್ನ ಇನ್ನೊಂದು ಕೆಲಸ ಶುರು. ಹಳೆಯ ಡಿಎನ್‌ಜಿಗಳನ್ನು ಹೊಸ ಆವೃತ್ತಿಯ ಡಾರ್ಕ್‌ಟೇಬಲ್‌ನಲ್ಲಿ ಮತ್ತೆ ಡೆವಲಪ್ ಮಾಡುತ್ತೇನೆ. ಮೊದಲ ಸೀಸನ್ನಿನಲ್ಲಿ ಕೆಲಸಕ್ಕೆ ಬಾರದು ಅಂತ ಬದಿಗಿಟ್ಟಿದ್ದ ಹತ್ತಾರು ಫೈಲುಗಳು ಈಗ 12×16ಕ್ಕೆ ನಿಲ್ಲುತ್ತಿವೆ. ಅದರಲ್ಲಿ ಒಂದು ಹೆಣ್ಣು ಬಣ್ಣದ (ರಾಕ್ಷಸಿ ವೇಷದ) ಚಿತ್ರವನ್ನು ಈ ವಾರ 16×24ಕ್ಕೆ ಲ್ಯಾಬಿಗೆ ಕೊಟ್ಟಿದ್ದೇನೆ.