ಎರಡು ಈಸ್ಟರ್ ಬಂದ ವರ್ಷ

ನಮ್ಮ ಪುಟ್ಟ ಕ್ರೈಸ್ತ ಸೇವಾಸಂಸ್ಥೆಯ ಲೆಕ್ಕದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಖಜಾಂಚಿಯಾಗಿ ನಾನು ಬಿದ್ದ ಹಳ್ಳಗಳೆಲ್ಲ ಆ ಒಂದು ತಾರೀಕಿನ ಸುತ್ತಲೇ ಇದ್ದವು.

2023ರ ಈಸ್ಟರ್ ಏಪ್ರಿಲ್ 9ಕ್ಕೆ, 2024ರದ್ದು ಸರಿಯಾಗಿ ಮಾರ್ಚ್ 31ಕ್ಕೆ. ಒಂದೇ ಲೆಕ್ಕದ ವರ್ಷದಲ್ಲಿ ಎರಡು ಈಸ್ಟರ್ ಕಾಣಿಕೆ! ಆ ಭಾನುವಾರ ರಾತ್ರಿ ಇಬ್ಬರು ಕೂತು ಪೆಟ್ಟಿಗೆ ತೆರೆದು ಎಣಿಸಿ ಸಹಿ ಹಾಕಿದೆವು. ಬ್ಯಾಂಕಿಗೆ ಕಟ್ಟಿದ್ದು ಏಪ್ರಿಲ್‌ನಲ್ಲಿ. ಎಣಿಕೆ ಚೀಟಿಯ ತಾರೀಕು ನೋಡಿ ಆಡಿಟರ್ ಅದನ್ನು ಹಳೆಯ ವರ್ಷದ ಕೈನಗದಿಗೇ ಸೇರಿಸಿದರು. ವರಮಾನ ಶೇ. 15ರಷ್ಟು ಏರಿದಂತೆ ಕಂಡಿತು. ಸಮಿತಿ ಹಿಗ್ಗಿ ಇನ್ನೊಬ್ಬರನ್ನು ಕೆಲಸಕ್ಕೆ ತೆಗೆದುಕೊಂಡಿತು. ಸುಳ್ಳೇಕೆ, ನಾನೂ ಕೈ ಎತ್ತಿದ್ದೆ.

ಮುಂದಿನ ವರ್ಷಕ್ಕೆ ಈಸ್ಟರೇ ಇಲ್ಲ. 2025ರ ಹಬ್ಬ ಏಪ್ರಿಲ್ 20ಕ್ಕೆ ಹೋಗಿ ಕೂತಿತ್ತು. ಕ್ರಿಸ್‌ಮಸ್ ಹಣ ಜನವರಿಯಲ್ಲೇ ಕರಗಿತು. ಫೆಬ್ರವರಿ ಸಂಬಳಕ್ಕೆ, ದಾನಿಗಳು ಚಾವಣಿ ರಿಪೇರಿಗೆಂದೇ ಕೊಟ್ಟಿದ್ದ ನಿಧಿಗೆ ಕೈ ಹಾಕಿದೆವು. ಮಾಡಬಾರದ ಕೆಲಸ. ಅದನ್ನು ಮತ್ತೆ ತುಂಬಲು ಎಂಟು ತಿಂಗಳು ಹಿಡಿಯಿತು.

ಆಗ ಹೊಳೆದದ್ದು ಇದು: ಈಸ್ಟರ್ ಎಷ್ಟೇ ತಡವಾದರೂ ಏಪ್ರಿಲ್ 25 ದಾಟುವುದಿಲ್ಲ. ಹಾಗಾಗಿ ಆ ಕಾಣಿಕೆಯನ್ನು ಬೇರೆ ಖಾತೆಗೆ ಹಾಕಿ, ಮೇ ತಿಂಗಳಿಂದ ಹನ್ನೆರಡು ಸಮ ಕಂತುಗಳಲ್ಲಿ ಮಾತ್ರ ತೆಗೆಯುವುದು. ಕ್ರಿಸ್‌ಮಸ್‌ನದ್ದು ಜನವರಿಯಿಂದ. ಆಡಿಟಿನ ಪುಸ್ತಕ ಹೇಗಿದೆಯೋ ಹಾಗೆಯೇ ಇರಲಿ. ಬದಲಾಗುವುದು ಖರ್ಚಿನ ಕೈ ಮಾತ್ರ.

ಹಿರಿಯರೊಬ್ಬರು 'ನಾಳೆಯ ಚಿಂತೆ ಬೇಡವೆಂದು ಪ್ರಭುವೇ ಹೇಳಿಲ್ಲವೇ' ಎಂದರು. ಗೋಪುರ ಕಟ್ಟುವವನು ಮೊದಲು ಕೂತು ಖರ್ಚು ಲೆಕ್ಕ ಹಾಕುವ ಲೂಕ 14ನೆಯ ಅಧ್ಯಾಯವನ್ನು ತೆರೆದು ಕೊಟ್ಟೆ. ಆದರೂ ಮೊದಲ ಆರು ತಿಂಗಳು ಉಸಿರುಗಟ್ಟಿತು; ಹೊಸಬರ ಕೆಲಸದ ದಿನಗಳನ್ನು ಅರ್ಧಕ್ಕಿಳಿಸಬೇಕಾಯಿತು.

ನಡುವೆ ಬಣ್ಣದ ಕಾಣಿಕೆ ಲಕೋಟೆಗಳನ್ನೂ ಹಂಚಿ ನೋಡಿದೆ. ಅಚ್ಚಿನ ಖರ್ಚೂ ಹುಟ್ಟಲಿಲ್ಲ. ಕೈಬರಹದ ಕೃತಜ್ಞತಾ ಪತ್ರ ಮಾತ್ರ ಫಲಿಸಿತು: ತಿಂಗಳು ತಿಂಗಳು ಕೊಡುವವರು ಮೂವತ್ತರಿಂದ ಐವತ್ತರ ಹತ್ತಿರ ಬಂದರು. ಆ ಪತ್ರದ ಎರಡನೆಯ ಸಾಲಿನಲ್ಲಿ ಏನಿರುತ್ತದೆ ಎಂಬುದು ನನ್ನಲ್ಲೇ ಇರಲಿ.

ಈ ಏಪ್ರಿಲ್‌ಗೆ ಒಂದು ಸುತ್ತು ಮುಗಿಯಿತು. ಚಾವಣಿ ನಿಧಿ ಭರ್ತಿಯಾಗಿದೆ, ಎರಡೂವರೆ ತಿಂಗಳ ಖರ್ಚಿನಷ್ಟು ಮೀಸಲು ಉಳಿದಿದೆ. 2026-27ರಲ್ಲಿ ಮತ್ತೆ ಎರಡು ಈಸ್ಟರ್: ಏಪ್ರಿಲ್ 5 ಮತ್ತು ಮಾರ್ಚ್ 28. ಅದರ ಮರುವರ್ಷ ಒಂದೂ ಇಲ್ಲ. ಮೊನ್ನೆಯ ಸಭೆಯಲ್ಲಿ ಒಬ್ಬರು ಆಗಲೇ ವ್ಯಾನಿನ ಮಾತು ತೆಗೆದರು. ನಾನು ಏನೂ ಹೇಳದೆ ಕ್ಯಾಲೆಂಡರನ್ನು ಅವರ ಮುಂದಕ್ಕೆ ಸರಿಸಿದೆ.