ಚಂದಾ ಇಲ್ಲದೆ ಆನ್‌ಲೈನ್ ಟೇಬಲ್: ನನ್ನ ಅನುಭವ

ಪಾತ್ರ ವಹಿಸಿ, ದಾಳ ಉರುಳಿಸಿ ಆಡುವ ಕಥೆಯಾಟವನ್ನು ಆನ್‌ಲೈನ್‌ನಲ್ಲಿ ಆಡುವಾಗ, ಮ್ಯಾಪ್, ದಾಳ ಎಲ್ಲವೂ ಒಂದೇ ಕಡೆ ಸಿಗುವ ಚಂದಾ ಸೇವೆ ಇಲ್ಲದೆ ಕ್ಯಾಂಪೇನ್ (ತಿಂಗಳುಗಟ್ಟಲೆ ಸಾಗುವ ಒಂದೇ ಕಥೆ) ನಡೆಯಲ್ಲ ಅಂತ ಬೆಂಗಳೂರಿನ ಜಿಎಂ ಗೆಳೆಯರು, ಅಂದರೆ ಆಟ ನಡೆಸುವವರು, ಹೇಳುತ್ತಿದ್ದರು. ನಾನು ಜಿಎಂ ಆಗಿ ನಡೆಸುವ, ಪಾತ್‌ಫೈಂಡರ್ ಎಂಬ ಇಂಥದೇ ಆಟದ ಎರಡನೇ ಆವೃತ್ತಿಯ ನಮ್ಮ ಕ್ಯಾಂಪೇನ್ ಒಂದೂವರೆ ವರ್ಷ ದಾಟಿದೆ. ಮೈಸೂರು, ಹುಬ್ಬಳ್ಳಿ, ಪುಣೆಯಲ್ಲಿರುವ ನಮ್ಮ ಆಟಗಾರರು ಇದುವರೆಗೆ ಒಂದು ಪೈಸೆ ಕೊಟ್ಟಿಲ್ಲ.

ಮೊದಲು ಚಂದಾ ಸೇವೆಯಲ್ಲೇ ಇದ್ದೆವು. ನನ್ನ ಜೇಬಿನಿಂದ ತಿಂಗಳಿಗೆ ಎಂಟುನೂರರ ಆಸುಪಾಸು ಹೋಗುತ್ತಿತ್ತು. ನಾಲ್ಕು ದೊಡ್ಡ ಮ್ಯಾಪ್ ಹಾಕಿದರೆ ಜಾಗ ಮುಗಿಯಿತು, ಡೈನಾಮಿಕ್ ಲೈಟಿಂಗ್ (ಪಾತ್ರದ ಕಣ್ಣಿಗೆ ಬೀಳುವಷ್ಟೇ ಮ್ಯಾಪ್ ತೋರಿಸುವ ವ್ಯವಸ್ಥೆ) ಹಾಕಿದರೆ ಹುಬ್ಬಳ್ಳಿಯವನ ಹಳೇ ಲ್ಯಾಪ್‌ಟಾಪ್ ಕೆಂಡದಂತೆ ಕಾಯುತ್ತಿತ್ತು, ದೊಡ್ಡ ಕಾಳಗದ ಮಧ್ಯೆಯೇ ಪೇಜ್ ಬೆಳ್ಳಗಾಗುತ್ತಿತ್ತು. ಇಬ್ಬರು ಬೇಸತ್ತು ಬಿಟ್ಟೇ ಹೋದರು.

ಆಮೇಲೆ ಫೌಂಡ್ರಿ ತೆಗೆದುಕೊಂಡೆ, ಇಂಥ ಆಟವನ್ನು ನಮ್ಮದೇ ಕಂಪ್ಯೂಟರ್‌ನಿಂದ ನಡೆಸುವ ಸಾಫ್ಟ್‌ವೇರ್ ಅದು. 50 ಡಾಲರ್, ಒಂದೇ ಸಲ. ತೆರಿಗೆ, ಕಾರ್ಡ್ ಶುಲ್ಕ ಸೇರಿ ಐದು ಸಾವಿರದ ಹತ್ತಿರ ಆಯಿತು. ಲೈಸೆನ್ಸ್ ಜಿಎಂಗೆ ಮಾತ್ರ ಸಾಕು, ಉಳಿದವರು ಬ್ರೌಸರ್‌ನಲ್ಲಿ ಬರುತ್ತಾರೆ. ಪಾತ್‌ಫೈಂಡರ್‌ನ ನಿಯಮ, ಮಂತ್ರ, ರಾಕ್ಷಸರೆಲ್ಲ ಅದರಲ್ಲಿ ಪುಕ್ಕಟೆ ಸಿಗುತ್ತವೆ. ಇದೇ ಬಗೆಯ ಇನ್ನೊಂದು ಆಟ ಡಿ ಆಂಡ್ ಡಿ (ಡಂಜನ್ಸ್ ಆಂಡ್ ಡ್ರ್ಯಾಗನ್ಸ್) ಐದನೇ ಆವೃತ್ತಿಗೆ ಪುಕ್ಕಟೆ ಸಿಗುವುದು ಎಸ್‌ಆರ್‌ಡಿ ಭಾಗ, ಅಂದರೆ ಕಂಪನಿಯೇ ಮುಕ್ತವಾಗಿ ಬಿಟ್ಟಿರುವ ಮೂಲ ನಿಯಮಗಳು ಮಾತ್ರ. ಅದಕ್ಕೇ ಹೇಳುತ್ತೇನೆ, ಯಾವ ಆಟ ಅಂತ ಮೊದಲು ತೀರ್ಮಾನಿಸಿ, ಟೂಲ್ ಆಮೇಲೆ.

ಜಾಸ್ತಿ ಕಾಡಿದ್ದು ಇಂಟರ್‌ನೆಟ್. ನಮ್ಮನೆ ಬ್ರಾಡ್‌ಬ್ಯಾಂಡ್ ಸಿಜಿನ್ಯಾಟ್ ಹಿಂದೆ ಇದೆ, ಅಂದರೆ ಹಲವು ಮನೆಗಳಿಗೆ ಒಂದೇ ಇಂಟರ್‌ನೆಟ್ ವಿಳಾಸ; ರೂಟರ್‌ನಲ್ಲಿ ಫೌಂಡ್ರಿ ಬಳಸುವ 30000ನೇ ನಂಬರಿನ ಪೋರ್ಟ್ ತೆರೆದರೂ ಹೊರಗಿನವರು ಒಳಗೆ ಬರಲಾಗಲಿಲ್ಲ. ಸ್ಟ್ಯಾಟಿಕ್ ಐಪಿ (ನಮಗೇ ಮೀಸಲಾದ ಖಾಯಂ ವಿಳಾಸ) ಕೇಳಿದರೆ ಬೇರೆ ದುಡ್ಡು. ಬಾಡಿಗೆ ಸರ್ವರ್ ಇಟ್ಟು ನೋಡಿದೆ, ಎರಡು ತಿಂಗಳಲ್ಲಿ ಸಾವಿರದ ಮೇಲೆ ಖರ್ಚಾಯಿತು, ನಿಲ್ಲಿಸಿದೆ. ಕೊನೆಗೆ ವರ್ಷಕ್ಕೆ ಎಂಟುನೂರರ ಡೊಮೇನ್ (ವೆಬ್ ಹೆಸರು) ಕೊಂಡು ಕ್ಲೌಡ್‌ಫ್ಲೇರ್ ಟನಲ್ ಕಟ್ಟಿದೆ, ಪೋರ್ಟ್ ತೆರೆಯದೆಯೇ ಹೊರಗಿನವರನ್ನು ನನ್ನ ಕಂಪ್ಯೂಟರ್‌ಗೆ ತಲುಪಿಸುವ ದಾರಿ ಅದು. ಆವತ್ತಿನಿಂದ ಆಟ ನಡೆಯುವುದು ನನ್ನ ಮನೆಯ ಕಂಪ್ಯೂಟರ್‌ನಿಂದಲೇ. ಕರೆಂಟ್ ಹೋದಾಗ ಕಂಪ್ಯೂಟರ್, ರೂಟರ್ ಎರಡೂ ಯುಪಿಎಸ್ ಮೇಲೆ ನಿಲ್ಲುತ್ತವೆ.

ಮ್ಯಾಪ್‌ಗಳನ್ನೆಲ್ಲ ವೆಬ್‌ಪಿ ಎಂಬ ಹಗುರವಾದ ಚಿತ್ರ ಫಾರ್ಮ್ಯಾಟ್‌ಗೆ ಬದಲಾಯಿಸಿ. 20 ಎಂಬಿ ಪಿಎನ್‌ಜಿ ನನಗೆ ಎರಡು ಮೂರು ಎಂಬಿಗೆ ಇಳಿಯಿತು, ಕಣ್ಣಿಗೆ ವ್ಯತ್ಯಾಸವೇ ಗೊತ್ತಾಗಲ್ಲ. ಹಳೇ ಲ್ಯಾಪ್‌ಟಾಪ್‌ಗಾಗಿ, ಮ್ಯಾಪ್‌ನಲ್ಲಿ ನೋಟ, ಬೆಳಕು ತಡೆಯುವ ಗೋಡೆಗಳನ್ನು ನಾನು ಎಳೆಯುವ ರೀತಿಯೇ ಬೇರೆ. ಅದನ್ನು ಇಲ್ಲಿ ಬರೆಯುವುದಿಲ್ಲ, ನಮ್ಮ ಟೇಬಲ್‌ಗೆ ಬಂದವರಿಗೆ ತೋರಿಸುತ್ತೇನೆ.

ಫೌಂಡ್ರಿ ಫೋನಿಗೆ ಮಾಡಿದ್ದಲ್ಲ. ಹಾಗಾಗಿ ಫೋನ್ ಮಾತ್ರ ಇರುವ ಪುಣೆಯವಳಿಗೆ ಡಿಸ್ಕಾರ್ಡ್‌ನಲ್ಲಿ ಮ್ಯಾಪ್ ಸ್ಟ್ರೀಮ್ ಮಾಡುತ್ತೇನೆ. ಅವಳ ಪಾತ್ರದ ವಿವರ ಕಾಗದದ ಶೀಟ್‌ನಲ್ಲಿ, ಕೈಯಲ್ಲಿ ನಿಜವಾದ ದಾಳ. 'ಅವಳು ಸುಳ್ಳು ಹೇಳಿದರೆ?' ಅಂತ ಕೇಳಿದವರಿದ್ದಾರೆ. ದಾಳದ ಮೇಲೆ ನಂಬಿಕೆ ಇಲ್ಲದ ಕಡೆ ಯಾವ ಸಾಫ್ಟ್‌ವೇರ್ ತಂದರೂ ಆಟ ಆಗಲ್ಲ ಅಲ್ವಾ?

ಈ ನಡುವೆ ಫೌಂಡ್ರಿಗೆ ನೋಟೊ ಸಾನ್ಸ್ ಕನ್ನಡ ಫಾಂಟ್ ಸೇರಿಸಿದೆ. ಮ್ಯಾಪ್ ಮೇಲೆ 'ಹಾಳೂರು', 'ಕರಿಗುಡ್ಡ' ಅಂತ ಕಂಡ ದಿನ ಎಲ್ಲರೂ ಆಡುವ ಮಾತೇ ಬದಲಾಯಿತು. ಎಲ್ಲರೂ ಊರಿಗೆ ಬಂದಾಗ 43 ಇಂಚಿನ ಟಿವಿಯನ್ನು ಟೇಬಲ್ ಮೇಲೆ ಮಲಗಿಸಿ ಅದೇ ಮ್ಯಾಪ್ ತೆರೆಯುತ್ತೇನೆ. ಫುಲ್ ಎಚ್‌ಡಿಯಲ್ಲಿ ಒಂದು ಚೌಕಕ್ಕೆ ಸುಮಾರು 51 ಪಿಕ್ಸೆಲ್ ಬರುವಂತೆ ಜೂಮ್ ಇಟ್ಟರೆ ಸರಿಯಾಗಿ ಒಂದು ಇಂಚು, ಮಿನಿಯೇಚರ್ (ಪಾತ್ರದ ಪುಟ್ಟ ಬೊಂಬೆ) ಚೆನ್ನಾಗಿ ಕೂರುತ್ತದೆ. ಮೇಲೆ ಒಂದು ಅಕ್ರಿಲಿಕ್ ಹಾಳೆ ಹಾಕುವುದನ್ನು ಮರೆಯಬೇಡಿ.