ವೈನ್ ಶಾಪ್ ಲೈಸೆನ್ಸ್: ಅಡ್ವಾನ್ಸ್ ಕೊಡುವ ಮೊದಲು ಟೇಪ್ ಹಿಡಿಯಿರಿ

"ಲೈಸೆನ್ಸ್ ಕುದುರಿತು ಅಣ್ಣಾ, ಅಂಗಡಿಗೆ ಅಡ್ವಾನ್ಸೂ ಕೊಟ್ಟೆ" ಎಂದು ಖುಷಿಯಲ್ಲಿ ಫೋನ್ ಮಾಡಿದವರೇ ಎರಡು ತಿಂಗಳು ಕಳೆದ ಮೇಲೆ "ಜಾಗ ರಿಜೆಕ್ಟ್ ಆಯ್ತು" ಎನ್ನುತ್ತಾರೆ. ಇಂಥವರನ್ನು ಮೂವರು ನೋಡಿದ್ದೇನೆ. ಮೂವರೂ ಎಡವಿದ್ದು ಒಂದೇ ಕಡೆ: ಶಾಲೆ, ದೇವಸ್ಥಾನದಂಥ ಜಾಗಗಳಿಂದ ಅಂಗಡಿಗೆ ಇರುವ ದೂರ ಅಳೆಯುವುದರಲ್ಲಿ.

ಮೊದಲು ಯಾವ ಸನ್ನದು (ಲೈಸೆನ್ಸ್) ಬೇಕು ಅಂತ ತೀರ್ಮಾನಿಸಿ. ಬಾಟಲಿ ಮಾರಿ ಕಳಿಸುವ ವೈನ್ ಶಾಪ್‌ಗೆ ಸಿಎಲ್-2, ಕೂತು ಕುಡಿಯುವ ಬಾರ್‌ಗೆ ಸಿಎಲ್-9, ಲಾಡ್ಜ್ ಇದ್ದರೆ ಸಿಎಲ್-7. ಸಿಎಲ್-11ಸಿ ನಮ್ಮಂಥವರಿಗಲ್ಲ, ಅದು ಎಂಎಸ್‌ಐಎಲ್‌ನಂಥ ಸರ್ಕಾರಿ ಕಂಪನಿಗೆ. ಅವರಿಗೆ ಮಳಿಗೆ ಬಾಡಿಗೆಗೆ ಕೊಡಬಹುದು, ಅಷ್ಟೇ. ತಲೆನೋವು ಬೇಡ ಎನ್ನುವವರು ಅದನ್ನೇ ಮಾಡಿ.

ಸಿಎಲ್-2, ಸಿಎಲ್-9 ಹೊಸದಾಗಿ ಕೊಡುವುದನ್ನು ಕರ್ನಾಟಕ ಸರ್ಕಾರ 1992ರಲ್ಲೇ ನಿಲ್ಲಿಸಿತು. ಹಾಗಾಗಿ ಇಷ್ಟು ವರ್ಷ ನಡೆದಿದ್ದೆಲ್ಲ ಹಳೆಯ ಸನ್ನದನ್ನು ವರ್ಗಾಯಿಸಿಕೊಳ್ಳುವ ವ್ಯವಹಾರ. 2025-26ರ ಬಜೆಟ್‌ನಲ್ಲಿ ಇ-ಹರಾಜಿನ ಮಾತು ಬಂತು. ಹರಾಜಲ್ಲಿ ಗೆದ್ದರೂ ಜಾಗದ ನಿಯಮ ಬಿಡುವುದಿಲ್ಲ.

ಬ್ರೋಕರ್ "ವರ್ಗಾವಣೆ ಯಾಕೆ, ಲೀಸ್‌ಗೆ ತಗೊಳ್ಳಿ, ಸ್ಟಾಂಪ್ ಪೇಪರ್ ಸಾಕು" ಎಂದರೆ ಎದ್ದು ಬನ್ನಿ. ಸನ್ನದು ಯಾರ ಹೆಸರಲ್ಲಿದೆಯೋ ಅವರೇ ಅಂಗಡಿ ನಡೆಸಬೇಕು. ನಾಳೆ ಕೇಸ್ ಆದರೆ ಆ ಪೇಪರ್ ಕಡ್ಲೆಬೀಜ ಕಟ್ಟೋಕೂ ಬರಲ್ಲ.

ಈಗ ಅಸಲಿ ವಿಷಯ, ದೂರ. 1967ರ ಅಬಕಾರಿ ಲೈಸೆನ್ಸ್ ನಿಯಮಗಳ ಪ್ರಕಾರ ಶಾಲೆ, ಆಸ್ಪತ್ರೆ, ದೇವಸ್ಥಾನ-ಮಸೀದಿ-ಚರ್ಚು, ಸರ್ಕಾರಿ ಕಚೇರಿಗಳಿಂದ 100 ಮೀಟರ್ ಒಳಗೆ ಅಂಗಡಿ ಇರಬಾರದು. ಜನ ಇದನ್ನು ಓದುತ್ತಾರೆ, ಆದರೆ ಹೇಗೆ ಅಳೆಯಬೇಕು ಅನ್ನುವುದನ್ನು ಓದುವುದಿಲ್ಲ. ಕೆಲವರು ಮೊಬೈಲ್ ಮ್ಯಾಪಲ್ಲಿ ನೇರ ಗೆರೆ ಎಳೆಯುತ್ತಾರೆ, ಕೆಲವರು ಬೈಕಿನ ಮೀಟರ್ ನೋಡುತ್ತಾರೆ. ಎರಡೂ ತಪ್ಪು. ಅಂಗಡಿ ಬಾಗಿಲ ನಡುಮಧ್ಯದಿಂದ ಹಿಡಿದು, ಕಾಲ್ನಡಿಗೆಯವರು ಸಾಮಾನ್ಯವಾಗಿ ಓಡಾಡುವ ಹತ್ತಿರದ ದಾರಿಯಲ್ಲೇ ಅಳೆಯಬೇಕು.

ನನ್ನ ಗೆಳೆಯನ ತಮ್ಮ ಮೇನ್ ರೋಡಲ್ಲಿ ಸುತ್ತಿ ಬಂದು 140 ಮೀಟರ್ ಲೆಕ್ಕ ಹಾಕಿಕೊಂಡು ನೆಮ್ಮದಿಯಾಗಿದ್ದ. ಸ್ಥಳ ನೋಡಲು ಬಂದ ಅಧಿಕಾರಿ ಹಿಟ್ಟಿನ ಗಿರಣಿ ಪಕ್ಕದ ಸಂದಿಯಲ್ಲಿ ಟೇಪ್ ಬಿಟ್ಟರು. ಆ ಸಂದಿಯಲ್ಲೇ ಮಕ್ಕಳು ದಿನಾ ಶಾಲೆಯ ಹಿಂದಿನ ಗೇಟಿಗೆ ಹೋಗುವುದು. 82 ಮೀಟರ್! ಅಡ್ವಾನ್ಸ್ ಇವತ್ತಿಗೂ ವಾಪಸ್ ಬಂದಿಲ್ಲ.

ಹಾಗಾಗಿ ಬೆಳಿಗ್ಗೆ ಶಾಲೆ ಶುರುವಾಗುವ ಹೊತ್ತಿಗೆ ಹೋಗಿ ನಿಂತು ನೋಡಿ, ಮಕ್ಕಳು ಎಲ್ಲಿಂದ ಬರುತ್ತಾರೆ, ಯಾವ ಗೇಟ್ ತೆಗೆದಿರುತ್ತೆ ಅಂತ. ಆಮೇಲೆ 50 ಮೀಟರಿನ ಫೈಬರ್ ಟೇಪ್ ತಂದು ಇಬ್ಬರು ಹಿಡಿದು ಅಳೆಯಿರಿ. ಟೈಲರ್ ಟೇಪ್ ಜೋಡಿಸಿ ಅಳೆದವರನ್ನೂ ನೋಡಿದ್ದೇನೆ, ಬೇಡ. 105, 110 ಬಂದರೆ ನಾನಂತೂ ಆ ಜಾಗ ಬಿಡುತ್ತೇನೆ. 130 ದಾಟಿದರೆ ಮಾತ್ರ ಮಾತುಕತೆ.

ಹೆದ್ದಾರಿ ಪಕ್ಕದ ಜಾಗವಾದರೆ ಇನ್ನೂ ಹುಷಾರಾಗಿರಿ. 2016ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯದಂಗಡಿ ಇರಬಾರದು ಎಂದಿತು. 2017ರ ಮಾರ್ಚ್‌ನಲ್ಲಿ 20,000 ಅಥವಾ ಅದಕ್ಕಿಂತ ಕಡಿಮೆ ಜನ ಇರುವ ಊರಿಗೆ ಅದನ್ನು 220ಕ್ಕೆ ಇಳಿಸಿತು. ಅದೇ ವರ್ಷ ಜುಲೈನಲ್ಲಿ, ನಗರಸಭೆ-ಪುರಸಭೆ ವ್ಯಾಪ್ತಿಯ ಅಂಗಡಿಗಳಿಗೆ ಇದು ಅಡ್ಡಿಯಲ್ಲ ಎಂದು ಸ್ಪಷ್ಟಪಡಿಸಿತು. ನಿಮ್ಮ ಜಾಗ ಪಂಚಾಯಿತಿಯದೋ ಪುರಸಭೆಯದೋ ಅಂತ ಖಾತೆ ಪತ್ರ ನೋಡಿಯೇ ಖಚಿತ ಮಾಡಿಕೊಳ್ಳಿ, ಬಾಯಿಮಾತಲ್ಲಿ ನಂಬಬೇಡಿ.

ಮಿಕ್ಕಿದ್ದು ಸುಲಭ: ಜಿಲ್ಲೆಯ ಅಬಕಾರಿ ಉಪ ಆಯುಕ್ತರ ಕಚೇರಿಗೆ ಅರ್ಜಿ, ಬಾಡಿಗೆ ಕರಾರು, ಕಟ್ಟಡದ ನಕ್ಷೆ. ಅಬಕಾರಿ ವರ್ಷ ಜೂನ್ 30ಕ್ಕೆ ಮುಗಿಯುತ್ತದೆ, ಆದ್ದರಿಂದ ಮಾರುವವರು ನವೀಕರಣ ಮಾಡಿಸಿದ್ದಾರಾ, ಬಾಕಿ ಇದೆಯಾ ಎಂದು ಮೊದಲೇ ಕೇಳಿ. ಸರಕು ಕೆಎಸ್‌ಬಿಸಿಎಲ್ (ಸರ್ಕಾರದ ಪಾನೀಯ ನಿಗಮ) ಡಿಪೋದಿಂದಲೇ ತರಬೇಕು.

ಹಾಂ, ಸಿಎಲ್-2 ತಗೊಂಡು ಕೌಂಟರ್ ಪಕ್ಕ ಪ್ಲಾಸ್ಟಿಕ್ ಲೋಟ, ನೀರಿನ ಪಾಕೆಟ್ ಇಡಬೇಡಿ. ಅಲ್ಲಿ ನಿಂತು ಕುಡಿಯುವಂತಿಲ್ಲ, ಮತ್ತು ತಪಾಸಣೆಗೆ ಬಂದವರು ಮೊದಲು ನೋಡುವುದು ಆ ಲೋಟಗಳನ್ನೇ.